ಪುಟಾಣಿಗಳಿಗೆ ಯಾವ ಜಾದೂ?

ನಾಲ್ಕು ವರ್ಷದ ಮಗುವಿಗೆ ಇಸ್ಪೀಟಿನ ಜಾದೂ ರುಚಿಸುವುದು ಕಷ್ಟ. ಆಟಿನ್, ಕಳಾವರ್ ಗುರುತೇ ತಿಳಿಯದಿದ್ದರೆ, ಆರಿಸಿದ ಎಲೆ ಮತ್ತೆ ಸಿಕ್ಕಿತೆಂಬುದರಲ್ಲಿ ಅಚ್ಚರಿ ಏನಿದೆ? ಮನಸ್ಸಿನಲ್ಲಿರುವುದನ್ನು ಹೇಳುವ ಜಾದೂವೂ ಅಷ್ಟೇ. ದೊಡ್ಡವರಿಗೆ ಎಲ್ಲವೂ ಗೊತ್ತು ಎಂದೇ ಈ ವಯಸ್ಸಿನ ಎಷ್ಟೋ ಮಕ್ಕಳು ನಂಬಿರುತ್ತಾರೆ.

ಕಣ್ಣೆದುರೇ ಬದಲಾಗುವ ವಸ್ತು ಬೇಕು. ಮುಷ್ಟಿಯೊಳಗೆ ಹೋದ ಕೆಂಪು ಕರವಸ್ತ್ರ ಹಳದಿಯಾಗಿ ಬಂದರೆ ಯಾರೂ ವಿವರಿಸಬೇಕಿಲ್ಲ. ಇನ್ನೂ ಒಳ್ಳೆಯದು, ಬಣ್ಣದ ಪುಸ್ತಕ. ಸರಸರನೆ ತಿರುವಿದಾಗ ಖಾಲಿ ಹಾಳೆ. ಮಕ್ಕಳೆಲ್ಲ ಉಫ್ ಎಂದು ಊದಿದರೆ ಚಿತ್ರ, ಮತ್ತೆ ಊದಿದರೆ ಬಣ್ಣ! ಹಾಳೆಗಳ ಅಂಚನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿರುವುದರಿಂದ, ಹೆಬ್ಬೆರಳು ಎಲ್ಲಿದೆಯೋ ಅದಕ್ಕೆ ತಕ್ಕ ಪುಟಗಳಷ್ಟೇ ತೆರೆದುಕೊಳ್ಳುತ್ತವೆ. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಪ್ರಕಟಿಸಿದ ಕೃತಿಯಲ್ಲೇ ಇಂಥ ಪುಸ್ತಕದ ವಿವರಣೆ ಇದೆ. ಊದಿದ್ದು ಮಕ್ಕಳೇ ಆದ್ದರಿಂದ ಗೆಲುವೂ ಅವರದೇ, ಜಾದೂಗಾರನದಲ್ಲ.

ನೆಲದ ಮೇಲೆ ಕೂತ ಮಕ್ಕಳು ಕೆಳಗಿನಿಂದ ನೋಡುತ್ತಾರೆ; ಅಂಗೈಯಲ್ಲಿ ಅಡಗಿಸಿದ ನಾಣ್ಯ ಅವರಿಗೆ ಥಟ್ಟನೆ ಕಾಣುತ್ತದೆ.

ಬೆಂಕಿ, ಚಾಕು ಖಂಡಿತ ಬೇಡ. ನಾಣ್ಯ ನುಂಗಿ ಕಿವಿಯಿಂದ ತೆಗೆಯುವ ಜಾದೂವೂ ಬೇಡ, ಮಕ್ಕಳು ಮನೆಗೆ ಹೋಗಿ ಅದನ್ನೇ ಮಾಡಿ ನೋಡಬಹುದು. ಪುಟಾಣಿಗಳ ಕೈಗೆ ಸಣ್ಣ ಚೆಂಡು, ಬಟನ್ ಬ್ಯಾಟರಿ, ಒಡೆದ ಬಲೂನಿನ ಚೂರು ಸಿಗಲೇಬಾರದು.