ನಿಮಗಿದು ಗೊತ್ತೆ? ಹಾರುವಾಗ ಬಾಗಿಲು ತೆರೆದರೆ...

ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲಿ ಚಿಲಕ ಸರಿಯಾಗಿ ಬೀಳದಿದ್ದರೆ, ನೆಲ ಬಿಟ್ಟ ಕೂಡಲೇ ಬಾಗಿಲು ಫಟ್ಟನೆ ತೆರೆದುಕೊಳ್ಳುವುದುಂಟು. ಕಿವಿಗಡಚಿಕ್ಕುವ ಸದ್ದು, ನುಗ್ಗುವ ಗಾಳಿ, ಹಾರಾಡುವ ಕಾಗದ. ಆದರೂ ಸಾಮಾನ್ಯವಾಗಿ ವಿಮಾನ ಹಾರುತ್ತಲೇ ಇರುತ್ತದೆ. ಎದುರುಗಾಳಿಯೇ ಬಾಗಿಲನ್ನು ಒತ್ತಿ ಹಿಡಿದು ಕೆಲವೇ ಇಂಚು ಸಂದು ಉಳಿಸುತ್ತದೆ. ಒಳಗೂ ಹೊರಗೂ ಗಾಳಿಯ ಒತ್ತಡ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಸಿನಿಮಾದಲ್ಲಿ ತೋರಿಸುವಂತೆ ಯಾರನ್ನೂ ಅದು ಹೊರಗೆಳೆಯದು. ನಿಜವಾದ ಅಪಾಯ, ಬಾಗಿಲು ಮುಚ್ಚಲು ಹೋದ ಪೈಲಟ್ ವೇಗದ ಮೇಲಿನ ಗಮನ ಕಳೆದುಕೊಳ್ಳುವುದು. ಮೊದಲು ಇಳಿಯಿರಿ, ಆಮೇಲೆ ಬಾಗಿಲು ಎಂಬುದೇ ಇಲ್ಲಿನ ಪಾಠ.

ಒತ್ತಡ ತುಂಬಿದ ಕ್ಯಾಬಿನ್ನಿನ ಕತೆಯೇ ಬೇರೆ. ಪೈಪರ್ ಮಾಲಿಬುವಿನಲ್ಲಿ ಒಳ-ಹೊರ ಒತ್ತಡದ ವ್ಯತ್ಯಾಸ ಚದರ ಇಂಚಿಗೆ 5.5 ಪೌಂಡ್‌ವರೆಗೆ ಹೋಗುತ್ತದೆ. ಅಲ್ಪವೆನಿಸಿತೆ? ಲೆಕ್ಕ ಹಾಕಿದರೆ ಬಾಗಿಲಿನ ಒಂದೊಂದು ಚದರ ಅಡಿಯನ್ನೂ ಸುಮಾರು 360 ಕಿಲೋ ಭಾರದಷ್ಟು ಬಲ ಹೊರಕ್ಕೆ ತಳ್ಳುತ್ತಿರುತ್ತದೆ!

ಸದ್ದಿಲ್ಲದ ಸೋರಿಕೆ ಇನ್ನೂ ಭಯಂಕರ. 35 ಸಾವಿರ ಅಡಿ ಎತ್ತರದಲ್ಲಿ ಒತ್ತಡ ಹೋದರೆ, ಸರಿಯಾಗಿ ಯೋಚಿಸಲು ಸಿಗುವುದು ಅರ್ಧದಿಂದ ಒಂದು ನಿಮಿಷ ಮಾತ್ರ. 1999ರ ಅಕ್ಟೋಬರ್ 25ರಂದು ಅಮೆರಿಕದ ಗಾಲ್ಫ್ ಆಟಗಾರ ಪೇನ್ ಸ್ಟುವರ್ಟ್ ಪ್ರಯಾಣಿಸುತ್ತಿದ್ದ ಲಿಯರ್‌ಜೆಟ್ 35 ಹೀಗೇ ಒತ್ತಡ ಕಳೆದುಕೊಂಡಿತು. ಯಾರ ಉತ್ತರವೂ ಇಲ್ಲದೆ ಗಂಟೆಗಟ್ಟಲೆ ತಾನಾಗಿ ಹಾರಿತು. ಬೆನ್ನಟ್ಟಿದ ಯುದ್ಧವಿಮಾನದ ಪೈಲಟ್‌ಗಳಿಗೆ ಕಂಡದ್ದು ಮಬ್ಬುಗಟ್ಟಿದ ಕಿಟಕಿ ಗಾಜುಗಳು. ಇಂಧನ ಮುಗಿದು ದಕ್ಷಿಣ ಡಕೋಟಾದ ಹೊಲದಲ್ಲಿ ಬಿದ್ದಾಗ ಒಳಗಿದ್ದ ಆರೂ ಮಂದಿ ಸತ್ತರು. ಒತ್ತಡ ಹೋದದ್ದೇಕೆಂದು ತನಿಖೆಯಲ್ಲೂ ಪತ್ತೆಯಾಗಲಿಲ್ಲ.