ವಿದ್ಯಾರ್ಥಿಗಳ ಸ್ವಯಮಾಡಳಿತ



ವಿಶ್ವವಿದ್ಯಾನಿಲಯವು ಯಾರದು? ಮಧ್ಯಯುಗದಲ್ಲಿ ಇಟಲಿಯ ಬೊಲೋನಾ ನಗರದ ವಿದ್ಯಾರ್ಥಿಗಳು ತಮ್ಮದೆಂದೇ ಬಗೆದಿದ್ದರು. ತಾವೇ ಸಂಘ ಕಟ್ಟಿ, ತಮ್ಮೊಳಗಿಂದ ಮುಖ್ಯಸ್ಥನನ್ನು ಆರಿಸಿ, ಗುರುಗಳಿಗೂ ಕಟ್ಟಳೆಗಳನ್ನು ವಿಧಿಸಿದ್ದರು. ಅಷ್ಟು ದೂರ ಹೋಗಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಲಿಯುವವರಿಗೆ ಕಲಿಕೆಯ ಮನೆಯಲ್ಲಿ ಒಂದು ಮಾತೂ ಇರಬಾರದೆ?

ಜರ್ಮನಿಯ ಕ್ರಮ ವಿಚಾರಯೋಗ್ಯವಾದುದು. ಅಲ್ಲಿಯ ಬಹುತೇಕ ರಾಜ್ಯಗಳಲ್ಲಿ ವಿದ್ಯಾರ್ಥಿ ಸಮುದಾಯಕ್ಕೆ ಕಾನೂನಿನ ಮನ್ನಣೆಯುಂಟು. ಎಲ್ಲರೂ ಮತವಿತ್ತು ವಿದ್ಯಾರ್ಥಿ ಸಂಸತ್ತನ್ನು ಆರಿಸುವರು. ಅದು ಕಾರ್ಯಕಾರಿ ಸಮಿತಿಯನ್ನು ನೇಮಿಸುವುದು. ಪ್ರತಿಯೊಬ್ಬನೂ ತೆರುವ ಅಲ್ಪ ವಂತಿಗೆಯಿಂದ ಅದರ ಖರ್ಚು ನಡೆಯುವುದು. ಪ್ರಯಾಣದ ರಿಯಾಯಿತಿ, ವಸತಿಯ ತೊಂದರೆ ಮೊದಲಾದುವು ಅದರ ಚಿಂತೆ. ವಿಶ್ವವಿದ್ಯಾನಿಲಯದ ಸಭೆಗಳಲ್ಲಿಯೂ ವಿದ್ಯಾರ್ಥಿ ಪ್ರತಿನಿಧಿಗಳಿರುವರು. ಆದರೆ ಸಂಶೋಧನೆಯಲ್ಲಿಯೂ ಪ್ರಾಧ್ಯಾಪಕರ ನೇಮಕದಲ್ಲಿಯೂ ನಿರ್ಣಾಯಕ ಅಧಿಕಾರ ಪ್ರಾಧ್ಯಾಪಕರದೇ ಎಂದು 1973ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ತೀರ್ಪಿತ್ತಿತು. ಹಕ್ಕೂ ಉಂಟು, ಎಲ್ಲೆಯೂ ಉಂಟು. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯವು 1977ರಲ್ಲಿ ಈ ಮನ್ನಣೆಯನ್ನು ಕಿತ್ತುಕೊಂಡು, 35 ವರ್ಷಗಳ ತರುವಾಯ, 2012ರಲ್ಲಿ, ಹಿಂದಿರುಗಿಸಿತು.

ನಮ್ಮ ನಾಡಿನ ಕಥೆ ವಿಚಿತ್ರವಾದುದು. 1989ರ ಮಾರ್ಚಿಯಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚು ಕಡಮೆ ಅದೇ ಕಾಲಕ್ಕೆ, 1989-90ರ ಸುಮಾರಿನಲ್ಲಿ, ಹೊಡೆದಾಟಗಳ ಕಾರಣದಿಂದ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆಗಳು ನಿಂತುಹೋದುವು. ದೇಶವನ್ನಾಳುವವರನ್ನು ಆರಿಸಲು ಯೋಗ್ಯನಾದ ತರುಣನು ತನ್ನ ಕಾಲೇಜಿನ ಪ್ರತಿನಿಧಿಯನ್ನು ಆರಿಸಲು ಅಯೋಗ್ಯನಾದನು!

ಹುಕ್ಕೇರಿ ತಾಲ್ಲೂಕಿನ ದಡ್ಡಿಯ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. 21 ತುಂಬಿದರೆ ಅವನು ಗ್ರಾಮ ಪಂಚಾಯತಿಗೆ ನಿಲ್ಲಬಹುದು. ಊರಿನ ನೀರು, ದೀಪಗಳ ಮಾತಾಡಬಹುದು. ಆದರೆ ಬೆಳಗಾವಿಗೆ ಓದಲು ಬಂದಾಗ, ಬಸ್ಸು ತಡವಾಗಿ ಮೊದಲ ಪಾಠ ತಪ್ಪುತ್ತಿದೆಯೆಂದು ಅವನ ಪರವಾಗಿ ಸಭೆಯಲ್ಲಿ ಹೇಳತಕ್ಕವರು ಯಾರು? ಬೇಡುವುದೊಂದೇ ದಾರಿಯಾದವನು ಹೊಣೆಯನ್ನು ಎಂದು ಕಲಿಯಬೇಕು?

ಹೊಡೆದಾಟದ ಭಯ ಸುಳ್ಳಲ್ಲ; ಅದರ ಕಷ್ಟವನ್ನು ಅಧ್ಯಾಪಕರಾದ ನಾವು ಬಲ್ಲೆವು. ಆದರೆ ಜಗಳವಾಯಿತೆಂದು ಪಂಚಾಯತಿಯನ್ನು ಯಾರೂ ಮುಚ್ಚಲಿಲ್ಲ. ಲಿಂಗ್ಡೊ ಸಮಿತಿಯ ಸಲಹೆಗಳನ್ನು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಒಪ್ಪಿ ಜಾರಿಗೆ ತಂದಿತು: ಅಭ್ಯರ್ಥಿಗೆ ನೂರಕ್ಕೆ 75 ಹಾಜರಿ, 5000 ರೂಪಾಯಿಗಳ ಖರ್ಚಿನ ಮಿತಿ, ರಾಜಕೀಯ ಪಕ್ಷಗಳಿಂದ ದೂರ. ರೋಗಕ್ಕೆ ಪಥ್ಯವಿರುವಾಗ ರೋಗಿಯನ್ನೇ ಹೊರಹಾಕುವುದು ವೈದ್ಯವಲ್ಲ. ಈಜು ಕಲಿಯುವವನನ್ನು ನೀರಿಗಿಳಿಸಲೇಬೇಕು. ದಡದಲ್ಲಿ ನಿಂತು ಕಾಯುವುದು ನಮ್ಮ ಧರ್ಮ.