ಗಣಿ ಸುರಂಗದ ಬಾಯಿಯ ಮೇಲಿನ ಇಳಿಜಾರು: ಭದ್ರತೆಯನ್ನು ಪರಿಶೀಲಿಸುವ ಬಗೆ

ಗುಡ್ಡದ ಪಕ್ಕೆಯಿಂದ ಅಡ್ಡಲಾಗಿ ಕೊರೆದು ಅದಿರಿನವರೆಗೆ ಸಾಗುವ ಗಣಿಗಳಲ್ಲಿ ಕಾರ್ಮಿಕರು, ಗಾಳಿ, ಅದಿರು ಎಲ್ಲವೂ ಸುರಂಗದ ಬಾಯಿಯ ಮೂಲಕವೇ ಹಾದುಹೋಗಬೇಕಾಗುತ್ತದೆ. ಒಳಗಿನ ಛಾವಣಿಗೆ ದೊರೆಯುವಷ್ಟು ಗಮನ ಈ ಬಾಯಿಯ ಮೇಲಿನ ಇಳಿಜಾರಿಗೆ ದೊರೆಯುವುದು ಅಪರೂಪ. ವಾಸ್ತವವಾಗಿ ಅಲ್ಲಿನ ಶಿಲೆಯೇ ಹೆಚ್ಚು ದುರ್ಬಲವಾಗಿರುತ್ತದೆ. ಮಳೆ ಬಿಸಿಲುಗಳಿಂದ ಅದು ಶಿಥಿಲಗೊಂಡಿರುತ್ತದೆ. ಸಾಲದುದಕ್ಕೆ, ಸುರಂಗವನ್ನು ತೆರೆಯಲು ಗುಡ್ಡದ ಪಾದವನ್ನೇ ಕಡಿಯಲಾಗಿರುತ್ತದೆ.

ಕೆನಡಾದ ಫ್ರ್ಯಾಂಕ್ ಎಂಬ ಊರಿನಲ್ಲಿ 1903ರ ಏಪ್ರಿಲ್ 29ರ ನಸುಕಿನಲ್ಲಿ ಟರ್ಟಲ್ ಪರ್ವತದ ಸುಣ್ಣಕಲ್ಲಿನ ಭಾರಿ ಭಾಗವು ಸುಮಾರು ನೂರು ಸೆಕೆಂಡುಗಳಲ್ಲಿ ಜಾರಿ ಬಿದ್ದಿತು. ಊರಿನ ಒಂದು ಭಾಗ ಹೂತುಹೋಗಿ, ಒಂದು ಅಂದಾಜಿನಂತೆ 70ರಿಂದ 90 ಜನರು ಮೃತಪಟ್ಟರು. ಪರ್ವತದ ಬುಡದಲ್ಲಿದ್ದ ಕಲ್ಲಿದ್ದಲು ಗಣಿಯ ಬಾಯಿಯೂ ಮುಚ್ಚಿಹೋಯಿತು. ಒಳಗೆ ಉಳಿದಿದ್ದ 17 ಕಾರ್ಮಿಕರು ಕಲ್ಲಿದ್ದಲಿನ ಪದರಿನ ಮೂಲಕ ಮೇಲ್ಮುಖವಾಗಿ ದಾರಿ ಅಗೆದುಕೊಂಡು ಹೊರಬಂದರು. ಪರ್ವತದ ಶಿಲಾರಚನೆಯೇ ಮುಖ್ಯ ಕಾರಣವಾದರೂ, ಬಿರುಕುಗಳಲ್ಲಿ ನೀರು ಹೆಪ್ಪುಗಟ್ಟಿ ಕರಗಿದುದು ಹಾಗೂ ಬುಡದಲ್ಲಿ ನಡೆದ ಗಣಿಗಾರಿಕೆ ಅದಕ್ಕೆ ನೆರವಾದವೆಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ.

ಸ್ಥಳ ಪರಿಶೀಲನೆ

ಮೊದಲ ಕಾರ್ಯವು ಗುಡ್ಡದ ಮೇಲೆ ನಡೆದು ನೋಡುವುದೇ ಆಗಿದೆ. ಕೆಳಗೆ ನಿಂತು ನೋಡಿದವರಿಗೆ ನೆತ್ತಿಯ ಬಿರುಕುಗಳು ಕಾಣುವುದಿಲ್ಲ. ಇಳಿಜಾರಿನ ಅಂಚಿಗೆ ಸಮಾನಾಂತರವಾದ ಹೊಸ ಬಿರುಕು, ಒಂದೇ ಕಡೆಗೆ ವಾಲಿದ ಮರಗಳು, ಪಾದದಲ್ಲಿ ಉಬ್ಬು, ಹಿಂದೆ ಇಲ್ಲದಿದ್ದ ನೀರಿನ ಒಸರು, ಇವುಗಳಲ್ಲಿ ಯಾವುದು ಕಂಡರೂ ನಕ್ಷೆಯಲ್ಲಿ ಗುರುತಿಸತಕ್ಕದ್ದು. ಅನಂತರ ದಿಕ್ಸೂಚಿ ಮತ್ತು ಕ್ಲಿನೋಮೀಟರ್ ಬಳಸಿ ಶಿಲೆಯ ಪದರು ಹಾಗೂ ಸೀಳುಗಳು ಯಾವ ದಿಕ್ಕಿಗೆ, ಎಷ್ಟು ಕೋನದಲ್ಲಿ ಬಾಗಿವೆ ಎಂಬುದನ್ನು ಅಳೆಯಬೇಕು. ಗುಡ್ಡದ ಒಳಕ್ಕೆ ಬಾಗಿದ ಪದರುಗಳು ಸಾಮಾನ್ಯವಾಗಿ ಜಾರುವುದಿಲ್ಲ. ಆದರೆ ಅವು ಕಡಿದಾಗಿದ್ದಲ್ಲಿ ಹೊರಕ್ಕೆ ಮಗುಚಿ ಬೀಳುವ ಸಂಭವವುಂಟು. ಸುರಂಗದ ಬಾಯಿಯ ಕಡೆಗೆ ಬಾಗಿ, ಕಡಿದ ಮುಖದಲ್ಲಿ ತೆರೆದುಕೊಂಡಿರುವ ಪದರುಗಳೇ ಅಪಾಯಕಾರಿ.

ಲೆಕ್ಕ

ಜಾರುವಿಕೆಯನ್ನು ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಸುರಕ್ಷತಾ ಗುಣಾಂಕ ಎಂದು ಹೆಸರು. ಅದು 1 ಆದಾಗ ಇಳಿಜಾರು ಕುಸಿತದ ಅಂಚಿನಲ್ಲಿರುತ್ತದೆ. ದೀರ್ಘಕಾಲ ಬಳಸುವ ಇಳಿಜಾರುಗಳಿಗೆ 1.5ರಷ್ಟು ಗುಣಾಂಕವನ್ನು ಅಪೇಕ್ಷಿಸುವುದು ವಾಡಿಕೆ. 25 ಡಿಗ್ರಿ ಬಾಗಿದ ಪದರಿನ ಮೇಲೆ ಒಂದು ಬಂಡೆಯಿದ್ದು, ಅವುಗಳ ನಡುವಿನ ಘರ್ಷಣ ಕೋನ 35 ಡಿಗ್ರಿ ಇದ್ದು, ಯಾವ ಅಂಟೂ ಇಲ್ಲವೆಂದು ಭಾವಿಸೋಣ. ಒಣಗಿರುವಾಗ ಗುಣಾಂಕವು 1.5 ಬರುತ್ತದೆ. ಪದರಿನೊಳಗೆ ನೀರು ನುಗ್ಗಿ, ಪದರನ್ನು ಒತ್ತುವ ಭಾರದ ಮೂರನೆಯ ಒಂದು ಭಾಗವನ್ನು ಎತ್ತಿಹಿಡಿದರೆ ಅದು 1ಕ್ಕೆ ಇಳಿಯುತ್ತದೆ. ಬಂಡೆ ಅದೇ, ಕೋನವೂ ಅದೇ. ಬದಲಾದುದು ನೀರು ಮಾತ್ರ. ಬೇಸಿಗೆಯಲ್ಲಿ ತಯಾರಿಸಿದ ವರದಿಯನ್ನು ಮಳೆಗಾಲಕ್ಕೂ ಅನ್ವಯಿಸುವುದು ಈ ಕಾರಣದಿಂದಲೇ ಸರಿಯಲ್ಲ.

ನೆತ್ತಿಯ ಬಿರುಕಿನ ಲೆಕ್ಕವೂ ಇಂತಹುದೇ. 3 ಮೀಟರ್ ಆಳದ ಬಿರುಕು ನೀರಿನಿಂದ ತುಂಬಿದಲ್ಲಿ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು 4.5 ಟನ್ ಬಲವು ಬಂಡೆಯನ್ನು ಹೊರಕ್ಕೆ ತಳ್ಳುತ್ತದೆ. ಆಳ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದುದು ಭಾರಿ ಮಳೆಯ ನಡುವೆಯೇ. ಅಲ್ಲಿ ಗಣಿಯಿರಲಿಲ್ಲವಾದರೂ, ಪಾದ ಕಡಿದ ಗುಡ್ಡದ ಮೇಲೆ ಮಳೆ ಸುರಿದರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲೇ ಅದು ನಿದರ್ಶನವಾಗಿದೆ.

ಪರಿಹಾರ ಮತ್ತು ನಿಗಾ

ನೆತ್ತಿಯ ಹಿಂಭಾಗದಲ್ಲಿ ಕಾಲುವೆ ತೋಡಿ ಮಳೆನೀರನ್ನು ಪಕ್ಕಕ್ಕೆ ತಿರುಗಿಸುವುದು, ಬಿರುಕುಗಳನ್ನು ಜೇಡಿಮಣ್ಣಿನಿಂದ ಮುಚ್ಚುವುದು ಅಗ್ಗದ ಉಪಾಯಗಳಾಗಿದ್ದು, ರಾಕ್ ಬೋಲ್ಟ್, ಉಕ್ಕಿನ ಬಲೆ ಮುಂತಾದವುಗಳಿಗಿಂತ ಮೊದಲು ಕೈಗೊಳ್ಳತಕ್ಕವು. ಸಡಿಲ ಬಂಡೆಗಳನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ತೆಗೆಯಬೇಕು. ಬಾಯಿಯಿಂದ ಹೊರಕ್ಕೆ ಕೆಲವು ಮೀಟರುಗಳವರೆಗೆ ಗಟ್ಟಿ ಛಾವಣಿಯನ್ನು ಚಾಚಿದಲ್ಲಿ ಉರುಳುವ ಕಲ್ಲುಗಳಿಂದ ರಕ್ಷಣೆ ದೊರೆಯುತ್ತದೆ. ಇಡೀ ಇಳಿಜಾರೇ ಜಾರಿದಾಗ ಅದು ಉಪಯೋಗಕ್ಕೆ ಬಾರದು.

ಬಿರುಕಿನ ಎರಡೂ ಬದಿಗಳಲ್ಲಿ ಗೂಟ ನೆಟ್ಟು, ಅವುಗಳ ನಡುವಿನ ಅಂತರವನ್ನು ವಾರಕ್ಕೊಮ್ಮೆ, ಮಳೆಗಾಲದಲ್ಲಿ ಪ್ರತಿದಿನ ಅಳೆದು, ಮಳೆಯ ಪ್ರಮಾಣದೊಂದಿಗೆ ಪುಸ್ತಕದಲ್ಲಿ ದಾಖಲಿಸಬೇಕು. ಒಟ್ಟು ಅಂತರಕ್ಕಿಂತ ಅದು ಹೆಚ್ಚುತ್ತಿರುವ ವೇಗವೇ ಮುಖ್ಯ. ದಿನದಿಂದ ದಿನಕ್ಕೆ ವೇಗ ಏರುತ್ತಿದ್ದರೆ ಒಳಗಿರುವವರನ್ನು ಹೊರಕ್ಕೆ ಕರೆಸಿ, ತಜ್ಞರು ಪರಿಶೀಲಿಸುವವರೆಗೆ ಪಾಳಿಯನ್ನು ನಿಲ್ಲಿಸತಕ್ಕದ್ದು.